ಹಳೇ ಕಾರಿನ ಕೀ ಕೊಡುವ ಮುಂಚೆ

ಪ್ರೀತಿಯ ಮಗಳೇ,

ಹೊಸ ಕಾರು ಬುಕ್ ಮಾಡಿದೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆ ಖುಷಿ ಇನ್ನೂ ನನ್ನ ಕಿವಿಯಲ್ಲೇ ಇದೆ. ಅಪ್ಪ ಬಣ್ಣ ಯಾವುದು, ಡಿಕ್ಕಿ ಎಷ್ಟು ದೊಡ್ಡದು ಅಂತ ಕೇಳುತ್ತಿದ್ದರು. ನಾನು ಇನ್ಶೂರೆನ್ಸ್ ಮತ್ತು ಟ್ಯಾಕ್ಸ್ ಏನಾಯ್ತು ಅಂತ ಕೇಳಿದೆ. "ಅದೆಲ್ಲ ಶೋರೂಮಿನವರೇ ನೋಡ್ಕೋತಾರಮ್ಮ" ಅಂದೆ. ಆ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಿನಗೆ ಗೊತ್ತಿಲ್ಲದ ಒಂದು ಸಂಗತಿ. ನೀನು ಆಗ ಹಾಸ್ಟೆಲಿನಲ್ಲಿದ್ದೆ, ಪರೀಕ್ಷೆ ಹತ್ತಿರವಿತ್ತು, ಹೇಳಲಿಲ್ಲ. ನಮ್ಮ ಹಳೇ ಕಾರನ್ನು ಒಬ್ಬ ಬ್ರೋಕರ್ ಮೂಲಕ ಮಾರಿದ್ದೆವು. ಅವನು ಖಾಲಿ ಫಾರಂಗಳಿಗೆ ಅಪ್ಪನ ಸಹಿ ಹಾಕಿಸಿಕೊಂಡ. ಹದಿನೈದು ದಿನದಲ್ಲಿ ಹೆಸರು ಬದಲಾಗುತ್ತೆ ಅಂದ. ದುಡ್ಡು ಬಂತು, ಕಾರು ಹೋಯಿತು, ನಾವು ಮರೆತೆವು. ಮುಂದಿನ ವರ್ಷ ಒಂದು ದಿನ ಅಪ್ಪ ಹೊರಗಿನಿಂದ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಚಪ್ಪಲಿ ಸಹ ಬಿಟ್ಟಿರಲಿಲ್ಲ. ಕೈಯಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸ್. ನಾವು ಮಾರಿದ ನಾಲ್ಕು ತಿಂಗಳಿಗೆ ಆ ಕಾರು ಒಬ್ಬ ಸೈಕಲ್ ಸವಾರನಿಗೆ ಗುದ್ದಿತ್ತು. ಪಾಪ, ಆತನ ಕಾಲು ಮುರಿದಿತ್ತು. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಇನ್ನೂ ಅಪ್ಪನ ಹೆಸರೇ ಇತ್ತು.

ನಮ್ಮ ಪುಣ್ಯ, ಅಪಘಾತವಾದಾಗ ಇನ್ಶೂರೆನ್ಸ್ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಆತನಿಗೆ ಪರಿಹಾರವನ್ನು ವಿಮಾ ಕಂಪನಿಯೇ ಕೊಟ್ಟಿತು. ಎರಡು ತಿಂಗಳು ತಡವಾಗಿ ಆಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಆಗಿನಿಂದ ಮನೆಯ ಗಾಡಿಗಳ ಫೈಲು ನನ್ನ ಕೈಗೆ ಬಂತು.

ಇದು ನಮಗೊಬ್ಬರಿಗೇ ಆದದ್ದಲ್ಲ. ಕೈಯಿಂದ ಕೈಗೆ ಮಾರಾಟವಾದ ಇಂಥದ್ದೇ ಒಂದು ಕಾರಿನ ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2018ರ ಫೆಬ್ರವರಿಯಲ್ಲಿ ಕೋರ್ಟ್ ಸ್ಪಷ್ಟವಾಗಿ ಹೇಳಿತು: ನೋಂದಣಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಲ್ಲಿ ಅವರೇ ಮಾಲೀಕರು. ನಾನು ಮಾರಿಬಿಟ್ಟಿದ್ದೆ ಅನ್ನುವ ಮಾತು ನಡೆಯುವುದಿಲ್ಲ. ಗಾಯಗೊಂಡವರು ನಿಜವಾದ ಮಾಲೀಕ ಯಾರು ಅಂತ ಊರೆಲ್ಲ ಹುಡುಕಿಕೊಂಡು ಅಲೆಯಬಾರದಲ್ಲ? ಅದೂ ನ್ಯಾಯವೇ.

ಅದಕ್ಕೇ ಹೇಳುವುದು, ಹೊಸ ಕಾರು ತರುವುದಕ್ಕಿಂತ ಹಳೇ ಕಾರು ಕೊಡುವಾಗ ಜಾಸ್ತಿ ಎಚ್ಚರ ಬೇಕು. ಹಳೇದು ಕೊಟ್ಟು ಹೊಸದು ತಗೊಳ್ಳುವ ಎಕ್ಸ್‌ಚೇಂಜ್ ಅಂದ ಮಾತ್ರಕ್ಕೆ ಹೆಸರು ತಾನಾಗಿ ಬದಲಾಗುವುದಿಲ್ಲ. ಫಾರಂ 29 ಅಂದರೆ ಗಾಡಿ ಮಾರಿದ್ದೇನೆ ಅಂತ ನೀನು ಆರ್‌ಟಿಓಗೆ ಕೊಡುವ ತಿಳಿವಳಿಕೆ. ಅದೇ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಕೊಡಬೇಕು. ಫಾರಂ 30 ಕೊಂಡವರ ಹೆಸರಿಗೆ ಮಾಡಿಕೊಡಿ ಅನ್ನುವ ಅರ್ಜಿ. ಕೊಂಡವರಿಗೆ 30 ದಿನ ಸಮಯ. ಖಾಲಿ ಫಾರಂಗೆ ಮಾತ್ರ ಸಹಿ ಹಾಕಬೇಡ. ಕೊಳ್ಳುವವರ ಹೆಸರು, ವಿಳಾಸ, ತಾರೀಕು ತುಂಬಿಸಿ, ಆಮೇಲೆ ಸಹಿ ಮಾಡು, ಫೋಟೋ ತೆಗೆದುಕೋ.

ಡೀಲರ್ ನಿನ್ನ ಕಾರನ್ನು ಇಟ್ಟುಕೊಂಡು ಆಮೇಲೆ ಬೇರೆಯವರಿಗೆ ಮಾರುತ್ತೇನೆ ಅಂದರೆ ಒಂದು ಪ್ರಶ್ನೆ ಕೇಳು. ಹಳೇ ಗಾಡಿಯ ವ್ಯಾಪಾರಕ್ಕೆ ಆರ್‌ಟಿಓ ಕೊಟ್ಟ ಅಧಿಕಾರ ಪತ್ರ ನಿಮ್ಮ ಹತ್ತಿರ ಇದೆಯಾ ಅಂತ. 2023ರ ಏಪ್ರಿಲ್‌ನಿಂದ ಈ ನಿಯಮ ಬಂದಿದೆ. ಅಂಥ ಡೀಲರ್ ಆದರೆ ಗಾಡಿಯನ್ನು ಅವನಿಗೆ ಒಪ್ಪಿಸುವುದನ್ನು ಫಾರಂ 29ಸಿ ಮೂಲಕ ಆರ್‌ಟಿಓಗೆ ತಿಳಿಸಬೇಕು. ಅಲ್ಲಿಂದ ಗಾಡಿಯ ಜವಾಬ್ದಾರಿ ಅವನದು. ಅದರ ಸ್ವೀಕೃತಿಯ ಪ್ರತಿ ಕೈಗೆ ಸಿಗುವವರೆಗೂ ಕೀ ಕೊಡಬೇಡ. ಮುಖ ನೋಡಿ ಸಂಕೋಚ ಪಡಬೇಡ. ಕೇಳುವುದು ನಿನ್ನ ಹಕ್ಕು.

ಕೀ ಕೊಡುವ ದಿನ ಒಂದು ಡೆಲಿವರಿ ನೋಟ್ ಬರೆದುಕೋ. ಗಾಡಿ ನಂಬರು, ಎಷ್ಟು ಕಿಲೋಮೀಟರ್ ಓಡಿದೆ, ತೆಗೆದುಕೊಂಡವರ ಹೆಸರು, ಇಬ್ಬರ ಸಹಿ. ತಾರೀಕಿನ ಜೊತೆ ಗಂಟೆ, ನಿಮಿಷ ಸಹ ಬರೆ. ಮಧ್ಯಾಹ್ನ ಕೊಟ್ಟ ಗಾಡಿಗೆ ಸಂಜೆ ಸಿಗ್ನಲ್ ಹಾರಿದ್ದಕ್ಕೆ ಚಲನ್ ಬಂದರೆ ಅದನ್ನು ತೋರಿಸಬಹುದು. ಆದರೆ ಅದು ಆರ್‌ಸಿ ವರ್ಗಾವಣೆಗೆ ಬದಲಿ ಅಂದುಕೋಬೇಡ. ಆನ್‌ಲೈನಿನಲ್ಲಿ ಹೊಸ ಮಾಲೀಕರ ಹೆಸರು ಕಾಣುವವರೆಗೂ ವಾರಕ್ಕೊಮ್ಮೆ ನೋಡುತ್ತಾ ಇರು.

ಅಂದಹಾಗೆ, ಕಾರ್ ಲೋನ್ ಎರಡು ವರ್ಷದ ಹಿಂದೆಯೇ ತೀರಿಸಿದೆಯಲ್ಲ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿದೆಯಾ? ಸಾಲ ತೀರಿದರೆ ಹೆಸರು ತಾನಾಗಿ ಹೋಗುವುದಿಲ್ಲ. ಬ್ಯಾಂಕಿನಿಂದ ಎನ್‌ಓಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಮತ್ತು ಫಾರಂ 35 ತಗೊಂಡು ಆರ್‌ಟಿಓದಲ್ಲಿ ತೆಗೆಸಬೇಕು. ಇದನ್ನು ಈ ವಾರವೇ ಶುರು ಮಾಡು. ಬಾಕಿ ಚಲನ್ ಇದ್ದರೆ ಕಟ್ಟಿಬಿಡು. ಫಾಸ್ಟ್ಯಾಗ್ ಆ ಗಾಡಿಗೇ ಸೇರಿದ್ದು, ಅದನ್ನು ಮುಚ್ಚಿಸು. ಇಲ್ಲದಿದ್ದರೆ ಬೇರೆಯವರು ಟೋಲ್ ದಾಟಿದಾಗ ನಿನ್ನ ದುಡ್ಡು ಹೋಗುತ್ತದೆ.

ಈಗ ಹಳೇ ಪಾಲಿಸಿ. ಕಾರು ಮಾರಿದ ದಿನವೇ ಅದನ್ನು ರದ್ದು ಮಾಡುತ್ತೇನೆ, ಉಳಿದ ದುಡ್ಡು ವಾಪಸ್ ಬರುತ್ತೆ ಅಂತ ನೀನು ಹೇಳಿದೆ. ದಯವಿಟ್ಟು ಹಾಗೆ ಮಾಡಬೇಡ. ಹೆಸರು ಬದಲಾಗುವ ಮುಂಚೆ ರದ್ದು ಮಾಡಿದರೆ ರಸ್ತೆಯ ಮೇಲೆ ನಿನ್ನ ಹೆಸರಿನಲ್ಲೇ ವಿಮೆಯಿಲ್ಲದ ಗಾಡಿ ಓಡಾಡುತ್ತಿರುತ್ತದೆ. ನಮ್ಮನ್ನು ಕಾಪಾಡಿದ್ದೇ ಆ ಉಳಿದ ಎರಡು ತಿಂಗಳು. ಗಾಡಿ ಕೈ ಬದಲಾದರೆ ಮೂರನೆಯವರಿಗಾಗುವ ಹಾನಿಯ ವಿಮೆ (ಥರ್ಡ್ ಪಾರ್ಟಿ) ಕಾನೂನಿನ ಪ್ರಕಾರ ಕೊಂಡವರಿಗೇ ವರ್ಗವಾಗುತ್ತದೆ. ಅವರು 14 ದಿನದೊಳಗೆ ಕಂಪನಿಗೆ ತಿಳಿಸಿ ತಮ್ಮ ಹೆಸರು ಸೇರಿಸಿಕೊಳ್ಳಬೇಕು. ಗಾಡಿಗಾಗುವ ಹಾನಿಯ ಭಾಗ ಮಾತ್ರ ಹಾಗೆ ತಾನಾಗಿ ಹೋಗುವುದಿಲ್ಲ, ಅದಕ್ಕೆ ಅವರು ಕೇಳಿಕೊಳ್ಳಲೇಬೇಕು. ಈ ಮಾತನ್ನು ಕೊಳ್ಳುವವರಿಗೂ ಹೇಳು. ಅವರೂ ಯಾರದೋ ಮಗಳೋ ಮಗನೋ ಅಲ್ವಾ.

ಆ ಪಾಲಿಸಿಯಲ್ಲಿ ನಿನ್ನದೇ ಆದ ಒಂದು ಆಸ್ತಿ ಇದೆ. ಅದು ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಕ್ಲೇಮ್ ಮಾಡದವರಿಗೆ ಗಾಡಿ ಹಾನಿಯ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇಕಡಾ 20, ಆಮೇಲೆ 25, 35, 45, ಐದು ವರ್ಷ ಸತತವಾಗಿ ಮಾಡದಿದ್ದರೆ 50. ನೀನು ಆರು ವರ್ಷದಿಂದ ಒಂದು ಸಲವೂ ಕ್ಲೇಮ್ ಮಾಡಿಲ್ಲ. ಆ ಬಾಗಿಲಿನ ಗೀರನ್ನು ನಿನ್ನ ದುಡ್ಡಲ್ಲೇ ಸರಿ ಮಾಡಿಸಿದ್ದು ನೆನಪಿದೆಯಾ? ಅದರ ಫಲ ಈಗ ಸಿಗುತ್ತದೆ. ಈ ಬೋನಸ್ ಕಾರಿನದಲ್ಲ, ನಿನ್ನದು. ಕಾರಿನ ಜೊತೆ ಕೊಟ್ಟುಬಿಡಬೇಡ. ಹಳೇ ವಿಮಾ ಕಂಪನಿಗೆ ಬರೆದು, ಮಾರಾಟದ ಕಾಗದ ತೋರಿಸಿ, ಎನ್‌ಸಿಬಿ ಪತ್ರ ತಗೋ. ಅದು ಮೂರು ವರ್ಷ ನಡೆಯುತ್ತದೆ. ಹೊಸ ಕಾರಿಗೆ ಬೇರೆ ಕಂಪನಿಯ ಪಾಲಿಸಿ ಮಾಡಿಸಿದರೂ ಈ ಪತ್ರ ಕೊಟ್ಟರೆ ಸಾಕು, ಗಾಡಿ ಹಾನಿಯ ಪ್ರೀಮಿಯಂ ಅರ್ಧಕ್ಕೆ ಇಳಿಯುತ್ತದೆ. ಥರ್ಡ್ ಪಾರ್ಟಿ ಭಾಗಕ್ಕೆ ಈ ರಿಯಾಯಿತಿ ಇಲ್ಲ, ಅದರ ದರ ಸರ್ಕಾರವೇ ನಿಗದಿ ಮಾಡುವುದು.

ಪತ್ರ ಆಮೇಲೆ ತನ್ನಿ, ಈಗ ಸುಮ್ನೆ 50 ಅಂತ ಹಾಕೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಕಾಗದವಿಲ್ಲದೆ ಬರೆಸಿದ ಬೋನಸ್ ಕ್ಲೇಮ್ ಬಂದ ದಿನ ತಗಾದೆಗೆ ಕಾರಣವಾಗುತ್ತದೆ. ನಾಲ್ಕು ದಿನ ತಡವಾದರೂ ಪರವಾಗಿಲ್ಲ, ಪತ್ರ ಕೈಯಲ್ಲಿ ಇಟ್ಟುಕೊಂಡೇ ಹೊಸ ಪಾಲಿಸಿ ಮಾಡಿಸು.

ಹೊಸ ಪಾಲಿಸಿಯನ್ನು ಶೋರೂಮಿನಲ್ಲೇ ತಗೋಬೇಕು ಅಂತ ಎಲ್ಲೂ ಇಲ್ಲ. ಅವರು ಕೊಟ್ಟ ದರ ಇಟ್ಟುಕೊಂಡು ಇನ್ನೆರಡು ಕಡೆ ವಿಚಾರಿಸು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. ಗಾಡಿ ಹಾನಿಯ ಭಾಗವನ್ನು ಒಂದೇ ವರ್ಷಕ್ಕೆ ತಗೋಬಹುದು, ಮುಂದಿನ ವರ್ಷ ಬೇಕಾದರೆ ಬೇರೆ ಕಂಪನಿಗೆ ಹೋಗಬಹುದು. ಮೂರು ವರ್ಷ ಇದೆಯಲ್ಲ ಅಂತ ಆ ಒಂದು ವರ್ಷದ್ದನ್ನು ನವೀಕರಿಸಲು ಮರೆಯುವವರು ಜಾಸ್ತಿ. ಮರೆತು 90 ದಿನ ದಾಟಿದರೆ ಗಳಿಸಿದ ಬೋನಸ್ ಸಹ ಹೋಗುತ್ತದೆ. ಈಗಲೇ ಫೋನಿನಲ್ಲಿ ಗುರುತು ಹಾಕಿಕೋ.

ಜೊತೆಗೆ ಸೇರಿಸಿಕೊಳ್ಳುವ ಕವರ್‌ಗಳಲ್ಲಿ ಜೀರೋ ಡೆಪ್ರಿಸಿಯೇಷನ್, ಅಂದರೆ ಭಾಗಗಳ ಸವಕಳಿ ಕಳೆಯದೆ ದುಡ್ಡು ಕೊಡುವುದು, ತಗೋ ಅಂತಲೇ ನಾನು ಹೇಳುತ್ತೇನೆ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ಮಾತ್ರ ಸಿಗುವುದು. ಈಗಿನ ಕಾರುಗಳ ಬಂಪರ್ ಪೂರ್ತಿ ಪ್ಲಾಸ್ಟಿಕ್ ತಾನೇ? ಮಾಲೀಕ-ಚಾಲಕರ ಅಪಘಾತ ವಿಮೆ 15 ಲಕ್ಷದ್ದು, ಅದು ಕಡ್ಡಾಯ. ನೀನು ಪ್ರತ್ಯೇಕವಾಗಿ ಅಂಥ ಪಾಲಿಸಿ ಮಾಡಿಸಿದ್ದರೆ ಅದನ್ನು ತೋರಿಸಿದರೆ ಸಾಕು, ಎರಡು ಸಲ ಕಟ್ಟಬೇಕಿಲ್ಲ. ಉಳಿದ ಕವರ್‌ಗಳ ಬಗ್ಗೆ ನಿನ್ನ ಓಡಾಟ ನೋಡಿ ನೀನೇ ನಿರ್ಧಾರ ಮಾಡು.

ಪಾಲಿಸಿ ಬಂದ ಕೂಡಲೇ ಒಂದು ಕೆಲಸ ಮಾಡು. ಕಾರಿನ ಹತ್ತಿರವೇ ನಿಂತು ಮಾಡು. ಗಾಡಿಯ ಮೇಲೆ ಒತ್ತಿರುವ ಚಾಸಿ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿ ಇರುತ್ತವೆ. ಒಂದೊಂದರ ಮೇಲೂ ಬೆರಳಿಟ್ಟು ಪಾಲಿಸಿಯ ಜೊತೆ ಹೋಲಿಸು. ಆ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದು ಅಂತ. ಪಾಲಿಸಿಯಲ್ಲಿ ಓ ಕಂಡರೆ ಯಾರೋ ಸೊನ್ನೆಯನ್ನು ತಪ್ಪಾಗಿ ಟೈಪ್ ಮಾಡಿದ್ದಾರೆ ಅಂತಲೇ ಅರ್ಥ. ಹಾಗೇ ಪಾಲಿಸಿ ಎಷ್ಟು ಗಂಟೆಯಿಂದ ಜಾರಿ ಅಂತ ಅಚ್ಚಾಗಿರುತ್ತದೆ. ಅದಕ್ಕಿಂತ ಮುಂಚೆ ಕಾರು ಶೋರೂಮಿನ ಗೇಟು ದಾಟಬಾರದು.

ಇನ್ನು ರಸ್ತೆ ತೆರಿಗೆ. ಹಳೇ ಕಾರಿಗೆ ಕಟ್ಟಿದ ಜೀವಿತಾವಧಿ ತೆರಿಗೆಯನ್ನು ಹೊಸದಕ್ಕೆ ಹೊಂದಿಸಬಹುದಾ ಅಂತ ನೀನು ಕೇಳಿದ್ದೆ. ಇಲ್ಲ. ಅದು ಆ ಕಾರಿಗೆ ಅಂಟಿಕೊಂಡದ್ದು, ಕಾರಿನ ಜೊತೆ ಕೊಂಡವರಿಗೇ ಹೋಗುತ್ತದೆ. ಅದಕ್ಕೇ ಬೆಲೆ ಮಾತಾಡುವಾಗ ತೆರಿಗೆ ಪೂರ್ತಿ ಕಟ್ಟಿದೆ ಅಂತ ಬಾಯಿಬಿಟ್ಟು ಹೇಳು. ಕಾರು ಗುಜರಿಗೆ ಹಾಕುವಷ್ಟು ಹಳೆಯದಾಗಿದ್ದರೆ ಲೆಕ್ಕ ಬೇರೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಂದರೆ ಹೊಸ ಕಾರಿನ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ನಿನ್ನ ಕಾರಿಗೆ ಇನ್ನೂ ಆ ವಯಸ್ಸಾಗಿಲ್ಲ.

ಇಲ್ಲಿ ನಮ್ಮ ರಾಜ್ಯದಲ್ಲಿ ಅಪ್ಪನ ವಿಳಾಸಕ್ಕೆ ನೋಂದಣಿ ಮಾಡಿಸಿದರೆ ತೆರಿಗೆ ಕಡಿಮೆಯಾಗುತ್ತೆ ಅಂತ ನಿನ್ನ ಸ್ನೇಹಿತೆ ಹೇಳಿದ ಉಪಾಯ ಬೇಡ. ತೆರಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ ಇರುವುದು ನಿಜ. ಆದರೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರಿಗೆ ಬದಲಾಯಿಸಬೇಕು. ಆಗ ಎನ್‌ಓಸಿ, ಅಲ್ಲಿನ ತೆರಿಗೆ, ಇಲ್ಲಿಂದ ರೀಫಂಡಿಗೆ ಅರ್ಜಿ ಅಂತ ಎರಡೆರಡು ಆರ್‌ಟಿಓಗೆ ಅಲೆದಾಟ. ಎಲ್ಲಿ ಓಡಿಸುತ್ತೀಯೋ ಅಲ್ಲೇ ಮಾಡಿಸು. ನಿನ್ನ ಆಫೀಸಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಶಾಖೆ ಇದ್ದು, ಪದೇ ಪದೇ ವರ್ಗವಾಗುವ ಸಾಧ್ಯತೆ ಇದ್ದರೆ ಬಿಎಚ್ ಸರಣಿಯ ನಂಬರು ಕೇಳಿ ನೋಡು. 2021ರಲ್ಲಿ ಬಂದದ್ದು. ಅದರಲ್ಲಿ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು, ರಾಜ್ಯ ಬದಲಾದರೂ ನಂಬರು ಅದೇ ಇರುತ್ತದೆ. ಕಟ್ಟುವ ದಿನ ಮಾತ್ರ ಮರೆಯಬಾರದು.

ತೆರಿಗೆ ಕಟ್ಟಿದ ರಸೀದಿ ಬೇರೆಯಾಗಿ ಕೇಳಿ ತಗೋ. ಆನ್‌ರೋಡ್ ಬೆಲೆ ಅಂತ ಒಂದೇ ಮೊತ್ತ ತೋರಿಸಿದರೆ ಬಿಡಿಸಿ ಬರೆಸು. ರಸೀದಿಯಲ್ಲಿ ಇರುವ ತೆರಿಗೆಯೂ ಬಿಲ್ಲಿನಲ್ಲಿ ಇರುವ ತೆರಿಗೆಯೂ ಒಂದೇ ಆಗಿರಬೇಕು.

ಎಲ್ಲ ಕಾಗದದ ಫೋಟೋ ನನಗೂ ಕಳಿಸು, ಇಲ್ಲಿನ ಫೈಲಿನಲ್ಲಿ ಒಂದು ಪ್ರತಿ ಇರಲಿ. ಎನ್‌ಸಿಬಿ ಪತ್ರಕ್ಕೆ ನಾಳೆಯೇ ವಿಚಾರಿಸು. ಆಮೇಲೆ, ಹಳೇ ಕಾರು ಕೊಡುವ ಮುಂಚೆ ಮುಂದಿನ ಸೀಟಿನ ಎದುರಿನ ಖಾನೆ ಪೂರ್ತಿ ತೆಗೆದು ನೋಡು. ಹೋದ ಸಲ ಬಂದಾಗ ಅಪ್ಪನ ಓದುವ ಕನ್ನಡಕ ಅದರಲ್ಲೇ ಉಳಿದಿದೆ.

ನಿನ್ನ ಅಮ್ಮ