ಪಥ್ಯ ಮಾಡುವವರನ್ನು ಅವರ ಪಾಡಿಗೆ ಬಿಡಿ

ಸಂಪಾದಕರೇ,

ಸಕ್ಕರೆ ಕಾಯಿಲೆ ಇರುವವರಿಗೆ ಪಥ್ಯಕ್ಕಿಂತ ಜಾಸ್ತಿ ಕಾಟ ಕೊಡುವುದು ಸುತ್ತಲಿನವರ ಮಾತು. ಮದುವೆ ಊಟಕ್ಕೆ ಕೂತಾಗ ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಹೋಳಿಗೆ ಜಾರಿಸಿ 'ಒಂದಿನ ತಿಂದ್ರೆ ಏನಾಗಲ್ಲ' ಅಂತಾರೆ, ತಿಂದ ಮೇಲೆ ಅವರೇ 'ಶುಗರ್ ಇದ್ರೂ ತಿಂತೀರಲ್ಲ' ಎಂದು ಆಡಿಕೊಳ್ಳುತ್ತಾರೆ. ನನ್ನ ಅಕ್ಕ ಇದೇ ಬೇಸರಕ್ಕೆ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಒತ್ತಡ ಜಾಸ್ತಿಯಾದರೆ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ, ಅದು ರಕ್ತದ ಸಕ್ಕರೆಯನ್ನೂ ಏರಿಸುತ್ತದೆ, ಸಿಹಿ, ಕರಿದ ತಿಂಡಿಯ ಆಸೆಯನ್ನೂ ಕೆರಳಿಸುತ್ತದೆ. ನಿದ್ದೆಗೆಟ್ಟರೂ ಹಾಗೇ. ಬೈದು ಪಥ್ಯ ಮಾಡಿಸಲು ಹೋದರೆ ಆಗುವುದು ಉಲ್ಟಾ, ಅಲ್ವಾ?

ಅನ್ನ ಪೂರ್ತಿ ಬಿಡಿ ಎನ್ನುವ ವಾಟ್ಸ್‌ಆ್ಯಪ್ ಸಲಹೆಗಳು ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಎಲ್ಲರಿಗೂ ಹೇಳುವುದಿಷ್ಟೇ: ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಲಿ, ಧಾನ್ಯದಿಂದ ಬರುವ ಕ್ಯಾಲೊರಿ ಶೇ 45 ಮೀರದಿರಲಿ. ಅಕ್ಕ ಈಗ ಒಂದು ಹಿಡಿ ಅನ್ನ, ಜೊತೆಗೆ ಬಸ್ಸಾರಿನ ಪಲ್ಯ ಧಾರಾಳವಾಗಿ ಹಾಕಿಕೊಂಡು ನೆಮ್ಮದಿಯಾಗಿ ಊಟ ಮಾಡುತ್ತಾರೆ.

ಮದುವೆ ಮನೆಯವರೇ, ಬಡಿಸುವವರಿಗೆ ಮೊದಲೇ ಹೇಳಿಡಿ. ಬೇಡ ಅಂದವರ ಎಲೆಗೆ ಸಿಹಿ ಹಾಕಬೇಡಿ. ಕೋಸಂಬರಿ, ಪಲ್ಯ ಇನ್ನೊಂದು ಸಲ ಬೇಕಾ ಎಂದು ಕೇಳಿ ಬಡಿಸಿ.

– ಓದುಗ, ಹಾಸನ