ಲಾರಿಗಳ ಸಾಲ ತೀರಿತು: ರಾಣೆಬೆನ್ನೂರಿನ ಅಟ್ಯಾಚ್ ಗಾಡಿಯವರ ನಮಸ್ಕಾರ

ನಮ್ಮ ಪೈಕಿ ಕೊನೆಯ ಲಾರಿಯ ಆರ್‌ಸಿಯಿಂದಲೂ ಈ ವಾರ ಫೈನಾನ್ಸ್‌ನವರ ಹೆಸರು ಹೋಯಿತು. ಒಂದೇ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಗಾಡಿ ಅಟ್ಯಾಚ್ ಮಾಡಿ, ತಾವೇ ಸ್ಟೇರಿಂಗ್ ಹಿಡಿಯುವ ಓನರ್ ಕಮ್ ಡ್ರೈವರ್‌ಗಳು ನಾವು. ಎಲ್ಲವೂ ಹತ್ತು ಚಕ್ರದ ಗಾಡಿಗಳು. ಹೋಗುವಾಗ ಹಾವೇರಿ, ರಾಣೆಬೆನ್ನೂರು ಕಡೆಯ ಮೆಕ್ಕೆಜೋಳ ನಾಮಕ್ಕಲ್‌ನ ಕೋಳಿ ಆಹಾರದ ಫ್ಯಾಕ್ಟರಿಗಳಿಗೆ, ಬರುವಾಗ ಸೇಲಂ ಸಾಬಕ್ಕಿ ಅಥವಾ ಸಿಕ್ಕಿದ ಲೋಡು. ಕಂತು ಕಟ್ಟಿದ್ದು ನಾವೇ ಆದರೂ, ಕಟ್ಟುವಷ್ಟು ದುಡ್ಡು ಉಳಿಯುವಂತೆ ನೋಡಿಕೊಂಡವರು ಬಹಳ ಮಂದಿ. ಅವರ್ಯಾರಿಗೂ ಹೆಸರು ಹಾಕಿಸಿಕೊಳ್ಳುವ ಹುಕಿ ಇಲ್ಲ. ಹಾಗಾಗಿ ಅವರ ಕೆಲಸ ಹೇಳಿಯೇ ಕೈ ಮುಗಿಯುತ್ತೇವೆ. ಹೊಸದಾಗಿ ಗಾಡಿ ತೆಗೆದ ಹುಡುಗರಿಗೂ ಉಪಯೋಗವಾಗಲಿ ಎಂದು ಸ್ವಲ್ಪ ಬಿಡಿಸಿ ಬರೆದಿದ್ದೇವೆ.

ಮೊದಲ ನಮಸ್ಕಾರ ಲಾರಿ ತೂಗುವ ಕಾಟಾದ ಅಜ್ಜನಿಗೆ. ಖಾಲಿ ಗಾಡಿ ತೂಕಕ್ಕೆ ನಿಂತ ಕೂಡಲೇ ಆತ ಕೇಳುವುದು ಒಂದೇ: ‘ಡೀಸೆಲ್ ಹಾಕ್ಸೀಯೇನಪ್ಪಾ?’ ಇದರ ಹಿಂದೆ ಗಟ್ಟಿ ಲೆಕ್ಕವಿದೆ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ. ಖಾಲಿ ತೂಕ ಮಾಡಿಸಿ, ಲೋಡಿಗೆ ಹೋಗುವ ದಾರಿಯಲ್ಲಿ 300 ಲೀಟರ್ ತುಂಬಿಸಿ, ಆಮೇಲೆ ಲೋಡ್ ತೂಕ ಮಾಡಿಸಿದರೆ ಡೀಸೆಲ್ಲಿನ 250 ಕೆಜಿ ಮೆಕ್ಕೆಜೋಳದ ಲೆಕ್ಕಕ್ಕೆ ಸೇರುತ್ತದೆ. ನಾಮಕ್ಕಲ್‌ನಲ್ಲಿ ಲೋಡ್ ತೂಕ, ಖಾಲಿ ತೂಕ ಎರಡೂ ಅಲ್ಲಿಯ ಕಾಟಾದಲ್ಲೇ ಆಗುವುದರಿಂದ ಆ 250 ಕೆಜಿ ‘ಶಾರ್ಟೇಜ್’ ಆಗಿ ನಮ್ಮ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತದೆ. ಯಾರೂ ಕದ್ದಿಲ್ಲ, ಆದರೂ ಹಣ ಹೋಯಿತು. ಮಳೆಯಲ್ಲಿ ನೆಂದ ಟಾರ್ಪಾಲ್, ಒಂದು ತೂಕಕ್ಕೆ ಕ್ಯಾಬಿನ್‌ನಲ್ಲಿದ್ದು ಇನ್ನೊಂದಕ್ಕೆ ಇಳಿದ ಕ್ಲೀನರ್, ಅದಲುಬದಲಾದ ಸ್ಟೆಪ್ನಿ, ಎಲ್ಲದರ ಕಥೆಯೂ ಇಷ್ಟೇ. ಡೀಸೆಲ್ ಮೊದಲು, ಖಾಲಿ ತೂಕ ಆಮೇಲೆ, ಕಾಟಾ ಚೀಟಿಯ ಫೋಟೋ ಆಗಿಂದಾಗ್ಗೆ. ಥರ್ಮಲ್ ಚೀಟಿಯ ಅಕ್ಷರ ಬಿಸಿಲಿಗೆ ಅಳಿಸಿ ಹೋಗುತ್ತದೆ, ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ.

ಹಸಿ ಮೆಕ್ಕೆಜೋಳ ದಾರಿಯಲ್ಲಿ ಒಣಗಿ ತೂಕ ಇಳಿಯುವುದು ಬೇರೆ ಮಾತು. ಲೋಡಿಂಗ್ ದಿನದ ತೇವಾಂಶವನ್ನು ಎಲ್‌ಆರ್ (ಸರಕಿನ ರಸೀದಿ) ಮೇಲೆ ಬರೆಸುವ ಪದ್ಧತಿಯನ್ನು ಎಪಿಎಂಸಿಯ ಒಬ್ಬ ದಲಾಲರು ತಾವಾಗಿಯೇ ಶುರು ಮಾಡಿದರು. ಅವರಿಗೂ ಕೃತಜ್ಞತೆ. ಆ ಒಂದು ಸಾಲು ಇಲ್ಲದಿದ್ದರೆ ಒಣಗಿದ್ದಕ್ಕೂ ಡ್ರೈವರನೇ ಹೊಣೆ.

ಇನ್ನು ನಮ್ಮ ಬುಕಿಂಗ್ ಗುಮಾಸ್ತರು. ಅಟ್ಯಾಚ್ ಮಾಡುವುದು ಎಂದರೆ ಬಹಳ ಕಡೆ ಬಾಯಿ ಮಾತು. ಇವರು ಎರಡು ಪುಟದ ಕರಾರು ಬರೆಸಿದರು. ಲೋಡ್ ಆದ ಕೂಡಲೇ ಬಾಡಿಗೆಯ 80 ಪರ್ಸೆಂಟ್ ಅಡ್ವಾನ್ಸ್, ಅದರಲ್ಲಿ ಡೀಸೆಲ್ ಕಾರ್ಡಿಗೆ ಎಷ್ಟು, ಬ್ಯಾಂಕಿಗೆ ಎಷ್ಟು. ಟೋಲ್ ನಮ್ಮದು. ಲೋಡಿಂಗ್ ಹಮಾಲಿ ಕಳಿಸುವವರದು, ಇಳಿಸುವ ಹಮಾಲಿ ತೆಗೆದುಕೊಳ್ಳುವವರದು. ಗೇಟ್ ಮುಟ್ಟಿ 24 ಗಂಟೆ ದಾಟಿದರೆ ಹಾಲ್ಟಿಂಗ್, ಅಂದರೆ ಕಾದದ್ದಕ್ಕೆ ದುಡ್ಡು. ಬ್ಯಾಲೆನ್ಸ್ ಬರುವುದು ಒರಿಜಿನಲ್ ಪಿಒಡಿ (ಸರಕು ಮುಟ್ಟಿತೆಂದು ಸಹಿ ಹಾಕಿದ ಕಾಗದ) ಆಫೀಸಿಗೆ ಸೇರಿದ ಮೇಲೆ. ಜಗಳ ಹುಟ್ಟುವುದೆಲ್ಲ ಈ ಕಡೆಯ ಎರಡರಲ್ಲೇ. ಗೇಟಿನ ಸೆಕ್ಯುರಿಟಿಯವರು ಒಳಗೆ ಬಿಟ್ಟ ಹೊತ್ತನ್ನು ಬರೆಯುತ್ತಾರೆಯೇ ಹೊರತು ಬಂದು ನಿಂತ ಹೊತ್ತನ್ನಲ್ಲ. ಎರಡು ದಿನ ರಸ್ತೆ ಬದಿ ನಿಂತರೂ ಕಾಗದದಲ್ಲಿ ಗಾಡಿ ಇವತ್ತು ಬಂದಂತೆ. ಅದಕ್ಕೇ ಗೇಟಿನ ಬೋರ್ಡೂ ನಮ್ಮ ನಂಬರ್ ಪ್ಲೇಟೂ ಒಟ್ಟಿಗೆ ಕಾಣುವ ಫೋಟೋ, ಲೊಕೇಷನ್ ಸಮೇತ, ನಿಂತ ತಕ್ಷಣ ಆಫೀಸ್ ಗ್ರೂಪಿಗೆ ಹಾಕಿಸುತ್ತಾರೆ. ಪಿಒಡಿಯಲ್ಲಿ ಬರೀ ಸೀಲ್ ಇದ್ದರೆ ವಾಪಸ್ ಕಳಿಸುತ್ತಾರೆ, ಆಗ ಸಿಟ್ಟು ಬರುತ್ತಿತ್ತು ನಿಜ. ಸೀಲು, ಸಹಿ, ತಾರೀಖು, ಚೀಲದ ಎಣಿಕೆ, ಇಳಿಸಿದ ತೂಕ, ಐದೂ ಬೇಕು. ‘ಎರಡು ಚೀಲ ಹರಿದಿವೆ’ ಎಂದು ಬರೆದರೆ ಆ ಎರಡರ ತೂಕವನ್ನೂ ಅಲ್ಲೇ ಬರೆಸಬೇಕು. ಇಲ್ಲದಿದ್ದರೆ ಹರಿದ ಚೀಲ ಪೂರಾ ಹೋದ ಚೀಲವಾಗುತ್ತದೆ.

ಹೆಚ್ಚು ತುಂಬಿಸಿ ಎಂದು ಈ ಆಫೀಸಿನವರು ಯಾವತ್ತೂ ಒತ್ತಾಯ ಮಾಡಲಿಲ್ಲ. ನಮ್ಮ ಗಾಡಿಗಳ ಒಟ್ಟು ತೂಕದ ಮಿತಿ 28 ಟನ್. ಖಾಲಿ ಗಾಡಿ, ಟಾರ್ಪಾಲು, ಡೀಸೆಲ್ಲು ಕಳೆದರೆ ಸರಕಿಗೆ 18 ಟನ್ ಆಸುಪಾಸು, ಅಂದರೆ 60 ಕೆಜಿಯ 300 ಚೀಲ. 2019ರ ತಿದ್ದುಪಡಿ ಬಂದ ಮೇಲೆ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಎರಡು ಟನ್ ಜಾಸ್ತಿಯಾದರೆ 24,000, ಮೇಲಾಗಿ ಹೆಚ್ಚಿನ ಸರಕನ್ನು ಅಲ್ಲೇ ಇಳಿಸಬೇಕು. ಆ ಎರಡು ಟನ್ನಿನ ಬಾಡಿಗೆ ಇದರ ಹತ್ತಿರಕ್ಕೂ ಬರುವುದಿಲ್ಲ. ಸ್ಪ್ರಿಂಗ್ ಪಟ್ಟಾ ಮುರಿಯುವುದು, ಟೈರ್ ಸವೆಯುವುದು ಲೆಕ್ಕಕ್ಕೇ ಹಿಡಿದಿಲ್ಲ.

ಹಮಾಲರ ಸಂಘದ ಅಣ್ಣಂದಿರೇ, ನಿಮ್ಮ ಋಣ ತೀರಿಸುವಂಥದ್ದಲ್ಲ. ಕ್ಯಾಬಿನ್ ಕಡೆಯಿಂದ ಸಾಲು ಹಿಡಿದು, ಒಂದು ಸಾಲು ಉದ್ದ, ಮೇಲಿನದು ಅಡ್ಡ, ಚೀಲದ ಹೊಲಿದ ಬಾಯಿ ಒಳಮುಖವಾಗಿ ಇಟ್ಟುಕೊಂಡು ಬರುತ್ತೀರಿ. ಬಾಯಿ ಹೊರಗಿದ್ದರೆ ಹಗ್ಗ ಬಿಗಿಯುವಾಗ ಹೊಲಿಗೆ ಬಿಚ್ಚಿ ಕಾಳು ಸೋರುತ್ತದೆ. ಹಿಂದೆ ಭಾರ ಬಿದ್ದರೆ ಸ್ಟೇರಿಂಗ್ ಹಗುರಾಗಿ ಗಾಡಿ ತೇಲಿದ ಹಾಗೆ ಆಗುತ್ತದೆ.

ಗ್ಯಾರೇಜ್ ಮೇಸ್ತ್ರಿಯವರ ಮಾತು ಬಂದರೆ ಇಡೀ ಪುಟ ಸಾಲದು, ತೊಪ್ಪೂರಿನ ಮಟ್ಟಿಗೆ ಹೇಳುತ್ತೇವೆ. ಧರ್ಮಪುರಿ ಬಿಟ್ಟು ಸೇಲಂ ಕಡೆ ಹೋಗುವಾಗ ಆ ಘಾಟ್ ಇಳಿಜಾರು. ನಮ್ಮ ದಾರಿಗೆ ಅದು ಬರುವುದು ಸರಿಯಾಗಿ ಗಾಡಿ ತುಂಬಿದ್ದಾಗ. ಅಲ್ಲಿ ಬಿದ್ದ ಗಾಡಿಗಳಲ್ಲಿ ‘ಬ್ರೇಕ್ ಫೇಲ್’ ಎನ್ನುವ ಮಾತಿನ ಹಿಂದೆ ಬಹಳ ಸಲ ಇರುವುದು ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿದ ಕೈ. ನ್ಯೂಟ್ರಲ್‌ನಲ್ಲಿ ಇಂಜಿನ್ ಹಿಡಿತ ಇಲ್ಲ, ಹೊಗೆ ತಡೆದು ಇಂಜಿನ್ನಿನಿಂದಲೇ ಗಾಡಿ ಹಿಡಿಯುವ ಎಕ್ಸಾಸ್ಟ್ ಬ್ರೇಕಿಗೂ ಕೆಲಸ ಇಲ್ಲ, 28 ಟನ್ ಪೂರಾ ಬ್ರೇಕ್ ಲೈನರ್ ಮೇಲೆ. ಲೈನರ್ ಕಾದರೆ ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್, ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು, ನಡುವೆ ಹಾಕಲು ಹೋದರೆ ಬೀಳುವುದಿಲ್ಲ. ಬ್ರೇಕ್ ಗಟ್ಟಿಯಾಗಿ ಒತ್ತಿ ಬಿಡಬೇಕು, ಸುಮ್ಮನೆ ಕಾಲಿಟ್ಟುಕೊಂಡು ಇಳಿಯಬಾರದು.

ಘಾಟಿಗೆ ಮೊದಲು ನಿಲ್ಲಿಸಿ ಹಬ್ (ಚಕ್ರದ ನಡುಭಾಗ) ಎಷ್ಟು ಕಾದಿದೆ ಎಂದು ನೋಡುವುದನ್ನು ಮೇಸ್ತ್ರಿ ಕ್ಲೀನರ್ ಹುಡುಗರಿಗೂ ಕಲಿಸಿದ್ದಾರೆ. ಅಂಗೈ ಅಲ್ಲ, ಕೈಯ ಹಿಂಬದಿ ಹತ್ತಿರ ಒಯ್ಯಬೇಕು. ಎಲ್ಲ ಹಬ್ ಒಂದೇ ಬಿಸಿ ಇದ್ದರೆ ಚಿಂತೆಯಿಲ್ಲ, ಒಂದೇ ಜಾಸ್ತಿ ಕಾದಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಬಿಡುತ್ತಿಲ್ಲ. ಆಯಿಲ್ ಸೀಲ್ ಹೋಗಿ ಗ್ರೀಸ್ ಲೈನರಿಗೆ ಇಳಿದಿದ್ದರೆ ಆ ಚಕ್ರ ಹಿಡಿಯುವುದಿಲ್ಲ, ಬ್ರೇಕ್ ಹಾಕಿದಾಗ ಗಾಡಿ ಎದುರು ಬದಿಗೆ ಎಳೆಯುತ್ತದೆ. ಏರ್ ಟ್ಯಾಂಕಿನ ನೀರನ್ನು ದಿನಾ ಬೆಳಗ್ಗೆ ಬಿಡಬೇಕು. ನೀರಿನ ಜತೆ ಎಣ್ಣೆಯೂ ಬಂದರೆ ಕಂಪ್ರೆಸರ್ ನೋಡಿಸುವ ಕಾಲ ಬಂತು.

ಟೈರ್ ಅಂಗಡಿಯ ಚಾಚಾ ರೀಸೋಲ್ ಟೈರನ್ನು (ಹಳೆಯದಕ್ಕೆ ಹೊಸ ಪಟ್ಟಿ ಅಂಟಿಸಿದ್ದು) ಮುಂದಿನ ಚಕ್ರಕ್ಕೆ ಹಾಕಿ ಕೊಟ್ಟದ್ದೇ ಇಲ್ಲ, ಬೇಡಿಕೊಂಡರೂ ಇಲ್ಲ. ಜೋಡಿ ಟೈರಿನಲ್ಲಿ ಒಂದರ ಗಾಳಿ ಇಳಿದರೆ ಹೊರಗಿಂದ ಗೊತ್ತಾಗದು, ಪಕ್ಕದ್ದು ಇಬ್ಬರ ಭಾರ ಹೊತ್ತು ಕಾದು ಒಡೆಯುತ್ತದೆ. ಒಳಗಿನ ಟೈರಿನ ವಾಲ್ವ್ ಕೈಗೆ ಸಿಗುವಂತೆ ಉದ್ದನೆಯ ಎಕ್ಸ್‌ಟೆನ್ಷನ್ ಹಾಕಿಸಿಕೊಳ್ಳಿ, ಅದಕ್ಕಾಗುವ ಖರ್ಚು ಚಹಾದ ಖರ್ಚಿನಷ್ಟು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ನಟ್ ಮತ್ತೆ ಬಿಗಿಸಬೇಕು.

ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯವರಿಗೆ ಒಂದು ಮಾತು. ಆಡ್‌ಬ್ಲೂ (ಹೊಗೆ ಶುದ್ಧ ಮಾಡುವ ದ್ರವ) ಡೀಸೆಲ್ಲಿನ ಸುಮಾರು 5 ಪರ್ಸೆಂಟ್ ಖರ್ಚಾಗುತ್ತದೆ, 100 ಲೀಟರಿಗೆ ಐದು. ಅದಕ್ಕಿಂತ ತೀರಾ ಕಡಿಮೆ ಹಿಡಿಯುತ್ತಿದ್ದರೆ ಖುಷಿಪಡಬೇಡಿ, ನಾಝಲ್ ಕಟ್ಟಿರಬಹುದು. ಬಿಡಿ ಕ್ಯಾನಿನ ಅಗ್ಗದ ಮಾಲು ಹಾಕಿದರೆ ಲೈಟ್ ಬಿದ್ದು ಇಂಜಿನ್ ಪವರ್ ಕಟ್ ಆಗುತ್ತದೆ.

ಆಡಿಟರ್ ಸಾಹೇಬರಿಂದ ಉಳಿದದ್ದು ಕಣ್ಣಿಗೆ ಕಾಣುವ ದುಡ್ಡು. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದವರು ಪ್ಯಾನ್ ಜತೆ ಡಿಕ್ಲರೇಷನ್ ಬರೆದು ಕೊಟ್ಟರೆ ಟ್ರಾನ್ಸ್‌ಪೋರ್ಟ್ ಆಫೀಸಿನವರು ಬಾಡಿಗೆಯಲ್ಲಿ ತೆರಿಗೆಯೆಂದು ಟಿಡಿಎಸ್ ಹಿಡಿಯಬೇಕಿಲ್ಲ. ಪ್ಯಾನ್ ಕೊಡದಿದ್ದರೆ ಮಾತ್ರ 20 ಪರ್ಸೆಂಟ್ ಹೋಗುತ್ತದೆ.

ಇನ್ಶೂರೆನ್ಸ್ ಏಜೆಂಟ್ ಅಕ್ಕ ಐಎಂಟಿ-23 ಎಂಬ ಹೆಚ್ಚುವರಿ ಕವರ್ ಸೇರಿಸದೆ ಪಾಲಿಸಿ ಮಾಡಿದ್ದಿಲ್ಲ. ಅದಿಲ್ಲದಿದ್ದರೆ ಲಾರಿಯ ಬಂಪರ್, ಹೆಡ್‌ಲೈಟ್, ಮಡ್‌ಗಾರ್ಡ್, ಟೈರು, ಪೇಂಟು ಕ್ಲೇಮಿಗೆ ಬರುವುದಿಲ್ಲ. ಸಣ್ಣ ಡಿಕ್ಕಿಯಲ್ಲಿ ಹೋಗುವುದು ಅವೇ ತಾನೆ. ಓನರೇ ಡ್ರೈವರ್ ಆದವರಿಗೆ 15 ಲಕ್ಷದ ಅಪಘಾತ ಕವರ್ ಇರುತ್ತದೆ. ಆದರೆ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ನಾಮಿನಿ ಹೆಸರು ಸರಿಯಾಗಿದೆಯೇ ಎಂದು ಆಕೆಯೇ ಫೋನ್ ಮಾಡಿ ಕೇಳುತ್ತಾರೆ.

ಸೇಲಂನಲ್ಲಿ ರಿಟರ್ನ್ ಲೋಡ್ ಕೊಡಿಸುವ ಬ್ರೋಕರ್ ಅಣ್ಣಾ, ಕನ್ನಡ ಓದಲು ಬಾರದ ನಿಮಗೆ ಇದನ್ನು ಫೋನಿನಲ್ಲಿ ಓದಿ ಹೇಳುತ್ತೇವೆ. ನೀವು ಇ-ವೇ ಬಿಲ್ಲಿನ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದದ) ಅವಧಿ ನೋಡದೆ ಗಾಡಿ ಬಿಟ್ಟವರಲ್ಲ. 200 ಕಿಲೋಮೀಟರಿಗೆ ಒಂದು ದಿನ, ಉಳಿದ ತುಂಡಿಗೆ ಇನ್ನೊಂದು ದಿನ. ದಾರಿಯಲ್ಲಿ ಗಾಡಿ ಕೆಟ್ಟರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಬೇಕು. ಬೇರೆ ಗಾಡಿಗೆ ಸರಕು ಬದಲಿಸಿದರೆ ಆ ಬಿಲ್ಲಿನ ಪಾರ್ಟ್ ಬಿಯಲ್ಲಿ ಹೊಸ ಗಾಡಿಯ ನಂಬರ್ ಹಾಕಬೇಕು. ತಪ್ಪಿದರೆ ಸರಕಿನ ಜತೆ ಲಾರಿಯೂ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಮನೆಯಲ್ಲಿ ಲೆಕ್ಕ ಬರೆದ ಹೆಣ್ಣುಮಕ್ಕಳಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಅವರು ನಗುತ್ತಾರೆ. ಟೈರಿಗೆ, ಇನ್ಶೂರೆನ್ಸಿಗೆ, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಎಂದು ಪ್ರತಿ ಟ್ರಿಪ್ಪಿನಿಂದ ಬೇರೆ ತೆಗೆದಿಟ್ಟವರು ಅವರೇ, ಆ ದುಡ್ಡಿಗೆ ನಮ್ಮ ಕೈ ತಾಗದಂತೆ.

ಕೊನೆಯ ಕಂತು ಕಟ್ಟಿದವರು ಅಲ್ಲಿಗೇ ಬಿಡಬೇಡಿ. ಮೊದಲು ಲೋನ್ ಸ್ಟೇಟ್‌ಮೆಂಟ್ ತೆಗೆಸಿ ಬೌನ್ಸ್ ಚಾರ್ಜ್, ಬಡ್ಡಿ ಬಾಕಿ ಸೊನ್ನೆ ಎಂದು ನೋಡಿ. ಎನ್‌ಒಸಿ (ಸಾಲ ಬಾಕಿಯಿಲ್ಲ ಎಂಬ ಪತ್ರ) ಜತೆ, ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸುವ ಫಾರ್ಮ್ 35 ಎರಡು ಪ್ರತಿ, ಫೈನಾನ್ಸ್‌ನವರ ಸಹಿ ಸೀಲಿನೊಂದಿಗೆ ತೆಗೆದುಕೊಂಡು ಆರ್‌ಟಿಒಗೆ ಹೋಗಿ. ಕೊಟ್ಟಿದ್ದ ಖಾಲಿ ಚೆಕ್ ವಾಪಸ್ ಇಸಕೊಳ್ಳಿ, ಬ್ಯಾಂಕಿನ ಆಟೋ ಡೆಬಿಟ್ ನಿಲ್ಲಿಸಿ. ಆರ್‌ಸಿ ಬಂದ ಮೇಲೆ ಇನ್ಶೂರೆನ್ಸ್ ಪಾಲಿಸಿಯಿಂದಲೂ ಫೈನಾನ್ಸ್ ಹೆಸರು ತೆಗೆಸಬೇಕು. ಇದನ್ನು ಮರೆಯುವವರೇ ಜಾಸ್ತಿ, ಆಮೇಲೆ ದೊಡ್ಡ ಕ್ಲೇಮಿನ ದುಡ್ಡು ಫೈನಾನ್ಸ್ ಕಡೆ ಹೋಗಿ ಕೂರುತ್ತದೆ.

ಅಟ್ಯಾಚ್ ಕರಾರಿನ ಖಾಲಿ ಪ್ರತಿ ಬೇಕಾದವರಿಗೆ ಗುಮಾಸ್ತರು ಜೆರಾಕ್ಸ್ ಕೊಡಲು ಒಪ್ಪಿದ್ದಾರೆ. ಮಧ್ಯಾಹ್ನ ಎರಡರ ಮೇಲೆ ಆಫೀಸಿಗೆ ಬನ್ನಿ, ಬೆಳಗ್ಗೆ ಲೋಡಿಂಗ್ ಗಲಾಟೆಯಲ್ಲಿ ಅವರು ಮಾತಿಗೆ ಸಿಗುವುದಿಲ್ಲ.