ಆಯ್ಲರ್ ಊರಿನಿಂದ ಒಂದು ಸಂಖ್ಯೆ

ಬಾಸೆಲ್, ಸ್ವಿಟ್ಜರ್‌ಲ್ಯಾಂಡ್

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಾನು ಕ್ಷೇಮ. ಚಳಿ ಶುರುವಾಗಿದೆ, ಊಟ ತಿಂಡಿಗೆ ಏನೂ ತೊಂದರೆಯಿಲ್ಲ. ಅಮ್ಮನಿಗೆ ಹೇಳಿ.

ಗಣಿತಜ್ಞ ಆಯ್ಲರ್ ಹುಟ್ಟಿದ ಊರಲ್ಲಿದ್ದೀಯ, ಅವನ ಬಗ್ಗೆ ಬರಿ ಅಂದಿದ್ದಿರಿ. 1707ರಲ್ಲಿ ಇಲ್ಲಿ ಹುಟ್ಟಿದ, ಇಪ್ಪತ್ತು ತುಂಬುವ ಹೊತ್ತಿಗೆ ಊರು ಬಿಟ್ಟ, ಇದೆಲ್ಲ ನಿಮಗೆ ಗೊತ್ತೇ ಇದೆ. ನಾನು ಅವನ ಒಂದು ಸಂಖ್ಯೆಯ ಬಗ್ಗೆ ಬರೆಯುತ್ತೇನೆ. 4,29,49,67,297.

2ರ ವರ್ಗ 4, ಅದರ ವರ್ಗ 16, ಆಮೇಲೆ 256, 65,536. ಒಂದೊಂದಕ್ಕೂ 1 ಸೇರಿಸಿ: 3, 5, 17, 257, 65,537. ಐದೂ ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ. ಮುಂದಿನವೂ ಹಾಗೇ ಇರುತ್ತವೆ ಎಂದು ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ನಂಬಿದ್ದ. 65,536ರ ವರ್ಗಕ್ಕೆ 1 ಸೇರಿಸಿದರೆ ಬರುವುದೇ ನಮ್ಮ ಸಂಖ್ಯೆ. ಸುಮಾರು ತೊಂಬತ್ತು ವರ್ಷ ಅದನ್ನು ಯಾರೂ ಮುರಿಯಲಿಲ್ಲ. 1729ರಲ್ಲಿ ಗೋಲ್ಡ್‌ಬಾಖ್ ಎಂಬ ಗಣಿತಜ್ಞ ಪತ್ರ ಬರೆದು ಆಯ್ಲರ್‌ನನ್ನು ಈ ಬಗ್ಗೆ ಕೇಳಿದ. 1732ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಆಯ್ಲರ್ ಅದನ್ನು 641ರಿಂದ ಭಾಗಿಸಿ ತೋರಿಸಿದ. 641 × 67,00,417. ಶೇಷ ಸೊನ್ನೆ.

641 ಹೇಗೆ ಸಿಗುತ್ತದೆ ಎನ್ನುವುದು ನನಗೆ ಇನ್ನೂ ಜಾಸ್ತಿ ಇಷ್ಟ. 2, 3, 5, 7 ಎಂದು ಸುಮ್ನೆ ಭಾಗಿಸುತ್ತಾ ಹೋದರೆ 641 ಬರುವುದು 116ನೆಯದಾಗಿ. ಆದರೆ ಈ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವೇ ಆದರೂ 64ರ ಮಗ್ಗಿಗಿಂತ ಒಂದು ಹೆಚ್ಚು ಇರಲೇಬೇಕು. ಇದನ್ನು ಸಾಧಿಸಿದವನೂ ಆಯ್ಲರೇ. ಹಾಗಾದರೆ 64ರ ಮಗ್ಗಿ ಹೇಳಿ 1 ಸೇರಿಸುತ್ತಾ ಹೋಗಿ. 65 ಬೇಡ, 129 ಮೂರರಿಂದ ಹೋಗುತ್ತದೆ. ಹೀಗೆ ಅವಿಭಾಜ್ಯ ಅಲ್ಲದವನ್ನೆಲ್ಲ ಬಿಟ್ಟರೆ ಉಳಿಯುವುದು 193, 257, 449, 577, ಆಮೇಲೆ 641. ಬರೀ ಐದು ಭಾಗಾಕಾರ! ಒಂದು ಹಾಳೆ ಸಾಕು ಅಲ್ವಾ ಅಪ್ಪ?

ಇನ್ನೂ ಒಂದಿದೆ, ತಂಗಿಗೆ ತೋರಿಸಿ. 641 ಅಂದರೆ 5ರ ನಾಲ್ಕನೇ ಘಾತ 625, 2ರ ನಾಲ್ಕನೇ ಘಾತ 16, ಎರಡರ ಮೊತ್ತ. ಅದೇ 641 ಅಂದರೆ 5 × 128 + 1 ಕೂಡ. 128 ಎಂದರೆ 2ರ ಏಳನೇ ಘಾತ. ಈ ಎರಡನ್ನೇ ಹಿಡಿದು, ದೊಡ್ಡ ಭಾಗಾಕಾರ ಮಾಡದೆಯೇ, 2ರ 32ನೇ ಘಾತಕ್ಕೆ 1 ಸೇರಿಸಿದರೆ ಬರುವ ನಮ್ಮ ಸಂಖ್ಯೆ 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ಸಾಧಿಸಬಹುದು. 640 ಎಂದರೆ 641ಕ್ಕೆ ಒಂದು ಕಡಿಮೆ, ಹಾಗಾಗಿ 641ರಿಂದ ಭಾಗಿಸಿದಾಗ ಅದರ ಶೇಷ −1 ಎಂದು ಹಿಡಿದು ಶುರು ಮಾಡಲಿ. ಉಳಿದದ್ದು ಅವಳೇ ಮಾಡಲಿ, ನೀವು ಹೇಳಿಕೊಡಬೇಡಿ.

ಆ ಸಾಲಿನಲ್ಲಿ 65,537 ಆದ ಮೇಲೆ ಇವತ್ತಿನವರೆಗೂ ಒಂದೇ ಒಂದು ಅವಿಭಾಜ್ಯ ಸಿಕ್ಕಿಲ್ಲ. ಮುಂದೆ ಇದೆಯೋ ಇಲ್ಲವೋ, ಸಾಧಿಸಿದವರೂ ಇಲ್ಲ. ನಿಮಗೇನನ್ನಿಸುತ್ತದೆ? ಖಂಡಿತ ಬರೆಯಿರಿ. ತಂಗಿಯ ಲೆಕ್ಕದ ಹಾಳೆಯನ್ನೂ ಜೊತೆಗಿಟ್ಟು ಕಳಿಸಿ.

ನಿಮ್ಮ ಮಗ